ನಿನ್ನೆಯ ಒತ್ತು ಶಾವಿಗೆಯಿಂದ ಇವತ್ತಿನ ನೂಡಲ್ಸ್

ಫ್ರಿಜ್‌ನಲ್ಲಿ ಇದ್ದದ್ದು ಇಷ್ಟು. ಒಂದು ಸ್ಟೀಲ್ ಡಬ್ಬಿಯಲ್ಲಿ ಒತ್ತು ಶಾವಿಗೆ, ಸುಮಾರು 350 ಗ್ರಾಂ. ತಳದಲ್ಲಿ ನಾಲ್ಕೈದು ತುಂಡು ಉಳಿದ ಕೋಳಿ ಸಾರು. ಕಾಯಿತುರಿ ಹಾಕಿದ ಬೀನ್ಸ್ ಪಲ್ಯ ಒಂದು ಬಟ್ಟಲು. ಅರ್ಧ ಎಲೆಕೋಸು. ಅರ್ಧ ಲೋಟ ಕಾಯಿಹಾಲು. ಚಿಕ್ಕಮಗಳೂರಿನಲ್ಲಿ ನೆಂಟರು ಬಂದು ಹೋದ ಮಾರನೇ ದಿನ ಯಾರ ಮನೆ ಫ್ರಿಜ್ ತೆಗೆದರೂ ಹೆಚ್ಚು ಕಡಿಮೆ ಇದೇ ಇರುತ್ತದೆ, ಅಲ್ವಾ?

ಮಿಕ್ಕ ಶಾವಿಗೆಗೆ ನಮ್ಮಲ್ಲಿ ಒಂದು ಖಾಯಂ ದಾರಿ ಇದೆ. ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ ಒಗ್ಗರಣೆ, ಇಳಿಸುವಾಗ ನಿಂಬೆಹುಳಿ. ಬೆಳಗಿನ ತಿಂಡಿ ಮುಗೀತು. ನಮ್ಮತ್ತೆ ಕೂಡ ಡಬ್ಬಿ ನೋಡಿದ ಕೂಡಲೇ ಅದನ್ನೇ ಹೇಳಿದರು: "ಒಂದು ಒಗ್ಗರಣೆ ಕೊಟ್ರೆ ಆಯ್ತಲ್ಲ ಕಣಮ್ಮ, ಅದಕ್ಯಾಕೆ ಇಷ್ಟು ಪಾತ್ರೆ?" ಆದರೆ ಮಕ್ಕಳಿಗೆ ಬೇಕಾಗಿದ್ದದ್ದು ಗಾಡಿ ನೂಡಲ್ಸ್ ರುಚಿ. ಬಾಂಡ್ಲಿಯ ಅಂಚಿನಲ್ಲಿ ಸ್ವಲ್ಪ ಸೀದ ವಾಸನೆ, ಎಳೆ ಎಳೆ ಬಿಡಿಬಿಡಿ. ಸಾಮಾನು ಎಲ್ಲಾ ಮನೆಯಲ್ಲೇ ಇದೆ. ಶಾವಿಗೆ ಅಂದರೆ ಅಕ್ಕಿ ನೂಡಲ್ಸೇ ತಾನೆ.

ತಂಗಳು ಪದಾರ್ಥದಿಂದ ನೂಡಲ್ಸ್ ಮಾಡಿದಾಗ ಅದು ಮುದ್ದೆ ಆಗುವುದಕ್ಕೆ ಕಾರಣ ನೀರು. ಪಲ್ಯದಲ್ಲಿ ನೀರಿದೆ, ಸಾರಿನ ಕೋಳಿಯಲ್ಲಿ ನೀರಿದೆ, ಶಾವಿಗೆಯಲ್ಲಂತೂ ಇದ್ದೇ ಇದೆ. ಎಲ್ಲವನ್ನೂ ಒಟ್ಟಿಗೆ ಬಾಂಡ್ಲಿಗೆ ಸುರಿದರೆ ಹುರಿಯುವುದಿಲ್ಲ, ಬೇಯುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೊಂದನ್ನೂ ಬೇರೆ ಬೇರೆಯಾಗಿ ಒಣಗಿಸುವುದು. ಬೆರೆಸುವುದು ಕೊನೆಯ ಎರಡು ನಿಮಿಷ ಮಾತ್ರ.

ಹಿಂದಿನ ರಾತ್ರಿ

ಊಟ ಮುಗಿದ ಮೇಲೆ ಶಾವಿಗೆಯನ್ನು ಮೇಜಿನ ಮೇಲೆ ಬಿಡಬಾರದು. ಮಲೆನಾಡಿನ ಚಳಿಗೆ ಏನೂ ಆಗಲ್ಲ ಅನ್ನುವ ಮಾತು ಎಲ್ಲರ ಮನೆಯಲ್ಲೂ ಇದೆ. ಚಳಿ ಎಷ್ಟಿದ್ದರೂ ಅಡುಗೆಮನೆ ಫ್ರಿಜ್‌ನಷ್ಟು ತಣ್ಣಗಿರುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಬೇಯಿಸಿದರೂ ಅವು ಸಾಯುವುದಿಲ್ಲ. ಬೆಂದ ಅಕ್ಕಿ ಗಂಟೆಗಟ್ಟಲೆ ಹೊರಗಿದ್ದರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮಾರನೇ ದಿನ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯ ಒಳಗೆ ಫ್ರಿಜ್‌ಗೆ, ಅದೂ 5 ಡಿಗ್ರಿಗಿಂತ ಕೆಳಗೆ. ರಾತ್ರಿ ಪೂರ್ತಿ ಹೊರಗಿದ್ದ ಶಾವಿಗೆ ಆದರೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಡಬ್ಬಿಗೆ ಹಾಕುವ ಮುಂಚೆ ಶಾವಿಗೆಯನ್ನು ಅಗಲ ತಟ್ಟೆಯಲ್ಲಿ ಹರಡಿ ಹಬೆ ಹೋಗುವವರೆಗೆ ಬಿಟ್ಟೆ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಮೇಲಿನ ಪದರ ಅಂಟಾಗುತ್ತದೆ. ಅರ್ಧ ಚಮಚ ಎಣ್ಣೆ ಕೈಗೆ ಸವರಿಕೊಂಡು ಎಳೆಗಳ ಮೇಲೆ ಆಡಿಸಿದರೆ ಬೆಳಿಗ್ಗೆ ಬಿಡಿಸುವುದು ಸುಲಭ.

ಕೋಳಿ ಸಾರನ್ನೂ ಪಾತ್ರೆಯ ಸಮೇತ ಒಳಗಿಟ್ಟೆ. ಇದಕ್ಕೆ ಇನ್ನೊಂದು ಲಾಭ ಇದೆ, ಮುಂದೆ ಹೇಳುತ್ತೇನೆ.

ಬಾಂಡ್ಲಿ

ನಾನ್‌ಸ್ಟಿಕ್ ಈ ಕೆಲಸಕ್ಕೆ ಆಗಲ್ಲ. ಅದನ್ನು ಹೊಗೆ ಬರುವಷ್ಟು ಕಾಯಿಸಬಾರದು, ಕಾಯಿಸದೆ ನಮಗೆ ಬೇಕಾದ ವಾಸನೆ ಬರುವುದಿಲ್ಲ. ಅಟ್ಟದಿಂದ ಹಳೇ ಕಬ್ಬಿಣದ ಬಾಂಡ್ಲಿ ಇಳಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಅಟ್ಟದ ಕಬ್ಬಿಣ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಒಳಗೆಲ್ಲ ಕೆಂಪು ತುಕ್ಕು, ಬೆರಳಾಡಿಸಿದರೆ ಪುಡಿ.

ಕಲ್ಲುಪ್ಪು ಎರಡು ಹಿಡಿ ಹಾಕಿ, ತೆಂಗಿನ ನಾರಿನಿಂದ ಒಣಗಿದಂತೆಯೇ ಉಜ್ಜಿದೆ. ಉಪ್ಪು ಕೆಂಪಾದಾಗ ಚೆಲ್ಲಿ, ಹೊಸ ಉಪ್ಪು ಹಾಕಿ ಮತ್ತೆ. ಕೆಳಗಿನ ಬೂದು ಬಣ್ಣದ ಕಬ್ಬಿಣ ಕಂಡ ಮೇಲೆ ಸೋಪು ಹಾಕಿ ತೊಳೆದು, ಕೂಡಲೇ ಒಲೆ ಮೇಲಿಟ್ಟು ಒಣಗಿಸಿದೆ. ಗಾಳಿಗೆ ಒಣಗಲು ಬಿಟ್ಟರೆ ಕಣ್ಣೆದುರೇ ಮತ್ತೆ ತುಕ್ಕು ಹಿಡಿಯುತ್ತದೆ. ಆಮೇಲೆ ಎಣ್ಣೆ. ಹಚ್ಚಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಳಿಸಿ, ಹೊಗೆ ನಿಲ್ಲುವವರೆಗೆ ಕಾಯಿಸಬೇಕು. ಬಿಸಿಗೆ ಎಣ್ಣೆ ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ದಪ್ಪಗೆ ಹಚ್ಚಿದರೆ ಜಿಗುಟಾಗುತ್ತದೆ, ಅಷ್ಟೇ. ಇದನ್ನು ಎರಡು ಮೂರು ಸಲ ಮಾಡಿದರೆ ಬಾಂಡ್ಲಿ ಕಪ್ಪಗೆ ಮಿಂಚುತ್ತದೆ. ಕಿಟಕಿ ತೆಗೆದಿಡಿ, ಹೊಗೆ ಜೋರಾಗೇ ಇರುತ್ತದೆ.

ಶಾವಿಗೆ ಬಿಡಿಸುವುದು

ಫ್ರಿಜ್‌ನಿಂದ ತೆಗೆದ ಒತ್ತು ಶಾವಿಗೆ ಹಂಚಿಕಡ್ಡಿಯಂತೆ ಇರುತ್ತದೆ. ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಆ ಸ್ಥಿತಿಯಲ್ಲಿ ಬಾಂಡ್ಲಿಗೆ ಹಾಕಿ ಕೈಯಾಡಿಸಿದರೆ ಉಪ್ಪಿಟ್ಟು ಗ್ಯಾರಂಟಿ.

ಇದಕ್ಕೆ ಕಾರಣ ಪಿಷ್ಟ. ಬೇಯುವಾಗ ಅಕ್ಕಿಯ ಪಿಷ್ಟ ನೀರು ಕುಡಿದು ಊದಿಕೊಳ್ಳುತ್ತದೆ. ತಣ್ಣಗಾದ ಮೇಲೆ ಅದರ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಫ್ರಿಜ್‌ನ ತಣ್ಣಗೆ ಇದು ಇನ್ನೂ ಬೇಗ ಆಗುತ್ತದೆ. ಶಾವಿಗೆ ಒರಳಿಗೆ ಹಿಟ್ಟಿನ ಮುದ್ದೆಯನ್ನು ಬಿಸಿಬಿಸಿ ಇರುವಾಗಲೇ ಹಾಕಿ ಒತ್ತುವುದೂ ಇದಕ್ಕೇ. ತಣಿದ ಮುದ್ದೆಯನ್ನು ಒತ್ತಲು ಹೋದರೆ ಹಿಡಿ ಬಗ್ಗಬಹುದು, ಹಿಟ್ಟು ಇಳಿಯುವುದಿಲ್ಲ.

ಪಿಷ್ಟದಲ್ಲಿ ಎರಡು ಬಗೆ ಇದೆ, ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ತಣ್ಣಗೆ ಗಟ್ಟಿಯಾದ ಅಮೈಲೋಪೆಕ್ಟಿನ್ ಸುಮಾರು 60 ಡಿಗ್ರಿ ದಾಟಿದರೆ ಮತ್ತೆ ಮೆತ್ತಗಾಗುತ್ತದೆ. ಅಮೈಲೋಸ್ ಮಾತ್ರ ಕುದಿಯುವ ನೀರಿನ ಬಿಸಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಇದು ನಮಗೆ ಒಳ್ಳೆಯದೇ. ಸ್ವಲ್ಪ ಹಬೆ ತೋರಿಸಿದರೆ ಎಳೆ ಬಗ್ಗುತ್ತದೆ, ಆದರೆ ಒಳಗಿನ ಬಿಗಿ ಹಾಗೇ ಇರುತ್ತದೆ. ಹೊಸದಾಗಿ ಒತ್ತಿದ ಶಾವಿಗೆಗಿಂತ ನಿನ್ನೆಯದು ಹುರಿಯಲು ವಾಸಿ ಎನ್ನುವುದು ಇದಕ್ಕೇ. ಉದುರುದುರಾಗಿ ಅನ್ನ ಆಗುವ ಅಕ್ಕಿಯಲ್ಲಿ ಅಮೈಲೋಸ್ ಜಾಸ್ತಿ. ಅಂಥ ಅಕ್ಕಿಯ ಶಾವಿಗೆ ಬಾಂಡ್ಲಿಯಲ್ಲಿ ಚೆನ್ನಾಗಿ ತಡೆಯುತ್ತದೆ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತೂತಿನ ತಟ್ಟೆ ಮೇಲೆ ಶಾವಿಗೆಯನ್ನು ಸಡಿಲವಾಗಿ ಇಟ್ಟು ಮೂರು ನಿಮಿಷ ಹಬೆ ಕೊಟ್ಟೆ. ಮುಚ್ಚಳದ ಒಳಗೆ ಒಂದು ಬಟ್ಟೆ ಕಟ್ಟಿದ್ದೆ, ನೀರು ತೊಟ್ಟಿಕ್ಕದಿರಲಿ ಅಂತ. ತೆಗೆದು ಅಗಲ ತಟ್ಟೆಗೆ ಹರಡಿ ಫ್ಯಾನ್ ಕೆಳಗೆ ಇಟ್ಟೆ. ಹತ್ತು ನಿಮಿಷಕ್ಕೆ ಹೊರಮೈ ಒಣಗಿತು. ಒಂದು ಎಳೆ ಎತ್ತಿ ಬೆರಳಿಗೆ ಸುತ್ತಿ ನೋಡಿ. ಮುರಿಯದೆ ಸುತ್ತಿಕೊಂಡು, ಬಿಟ್ಟಾಗ ಬೆರಳಿಗೆ ಅಂಟದೆ ಜಾರಿದರೆ ತಯಾರು.

ಕೋಳಿ, ಪಲ್ಯ ಮತ್ತು ಮೇಲಿನ ಕೆಂಪು ಎಣ್ಣೆ

ಫ್ರಿಜ್‌ನಲ್ಲಿಟ್ಟ ಕೋಳಿ ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿ ಕೆಂಪು ಕೆನೆಯಂತೆ ನಿಂತಿತ್ತು. ಆಗ ಹೇಳಿದ ಲಾಭ ಇದೇ. ಮೆಣಸಿನಕಾಯಿಯ ಬಣ್ಣ, ಅರಿಶಿನ, ಮೆಣಸು, ಚಕ್ಕೆ, ಲವಂಗದ ವಾಸನೆ ಎಲ್ಲಾ ನೀರಿಗಿಂತ ಕೊಬ್ಬಿನಲ್ಲೇ ಚೆನ್ನಾಗಿ ಕರಗುತ್ತದೆ. ಹಾಗಾಗಿ ಸಾರಿನ ಸತ್ವವೆಲ್ಲ ಮೇಲೆ ತೇಲಿ ಕೂತಿರುತ್ತದೆ. ಚಮಚದಿಂದ ಮೆಲ್ಲಗೆ ಕೆರೆದರೆ ಎರಡೂವರೆ ಚಮಚ ಸಿಕ್ಕಿತು. ಹುರಿಯಲು ಬೇರೆ ಎಣ್ಣೆ ಒಂದು ಚಮಚ ಸಾಕಾಯಿತು. ಅಂಗಡಿಯಲ್ಲಿ ಬಾಟಲಿ ಮೇಲೆ ಬಾಟಲಿ ಚಿಲ್ಲಿ ಆಯಿಲ್ ಇಟ್ಟಿರುತ್ತಾರೆ, ನೋಡಿರಬಹುದು. ನನ್ನ ಮಟ್ಟಿಗೆ ಈ ಎರಡೂವರೆ ಚಮಚದ ಮುಂದೆ ಅದು ಏನೂ ಅಲ್ಲ.

ತುಂಡುಗಳನ್ನು ಎತ್ತಿ, ಮೆತ್ತಿಕೊಂಡಿದ್ದ ಮಸಾಲೆಯನ್ನು ಬೆರಳಿಂದ ಸವರಿ ತೆಗೆದೆ. ಅದರಲ್ಲಿ ಅರೆದ ಕಾಯಿ ಇರುತ್ತದೆ, ಬಿಸಿ ಬಾಂಡ್ಲಿಗೆ ತಾಗಿದರೆ ಸೀದು ಕಹಿಯಾಗುತ್ತದೆ. ಮೂಳೆ ಬಿಡಿಸಿ, ಮಾಂಸವನ್ನು ಎಳೆಯುದ್ದಕ್ಕೆ ಸಿಗಿದೆ. ಸುಮಾರು 150 ಗ್ರಾಂ ಆಯಿತು. ಚಾಕುವಿನಿಂದ ಚೌಕ ಕತ್ತರಿಸಿದರೆ ಕೆಳಗೆ ಬಿದ್ದು ಕೂರುತ್ತದೆ. ಸಿಗಿದ ಎಳೆ ಶಾವಿಗೆ ಜೊತೆ ಹೆಣೆದುಕೊಳ್ಳುತ್ತದೆ. ಉಳಿದ ಗಟ್ಟಿ ಸಾರು ಸಂಜೆಯ ರೊಟ್ಟಿಗೆ ಹೋಯಿತು.

ಪಲ್ಯವನ್ನು ಮೊದಲು ಮೂಸಿ ನೋಡಬೇಕು. ಹಸಿಕಾಯಿ ಬಿದ್ದ ಅಡುಗೆ ಎಲ್ಲಕ್ಕಿಂತ ಮೊದಲು ಹುಳಿ ಹಿಡಿಯುತ್ತದೆ. ಸ್ವಲ್ಪ ಅನುಮಾನ ಬಂದರೂ ಬಿಟ್ಟುಬಿಡಿ. ನಮ್ಮದು ಚೆನ್ನಾಗಿತ್ತು. ತೂಗಿದಾಗ 180 ಗ್ರಾಂ. ಖಾಲಿ ಬಾಂಡ್ಲಿಯಲ್ಲಿ ಎಣ್ಣೆ ಇಲ್ಲದೆ, ಮಧ್ಯಮ ಉರಿಯಲ್ಲಿ ಹರಡಿ ಬಾಡಿಸಿದೆ. ಹಬೆ ಏಳುವುದು ಕಡಿಮೆಯಾಗಿ ಕಾಯಿತುರಿ ಹೊಂಬಣ್ಣಕ್ಕೆ ತಿರುಗಿದಾಗ ತೆಗೆದು ಮತ್ತೆ ತೂಗಿದರೆ 135. ಅಂದರೆ ಒಂದು ಬಟ್ಟಲು ಪಲ್ಯದಿಂದ 45 ಗ್ರಾಂ ನೀರು ಆವಿಯಾಗಿ ಹೋಯಿತು.

ಕೇಳಲು ಸಣ್ಣದು. ಆದರೆ ಕುದಿಯುವ ನೀರನ್ನು ಆವಿ ಮಾಡಲು ಬೇಕಾದ ಶಾಖ, ಅದೇ ನೀರನ್ನು ತಣ್ಣಗಿನಿಂದ ಕುದಿಗೆ ತರಲು ಬೇಕಾದ ಶಾಖದ ಆರೇಳು ಪಟ್ಟು. ಈ 45 ಗ್ರಾಂ ಒಣಗಿಸಿದ ಉರಿಯಲ್ಲಿ 300 ಮಿಲಿ ನೀರು ಕುದಿ ಬರುತ್ತಿತ್ತು. ಮನೆಯ ಒಲೆ ಇಷ್ಟು ಕೆಲಸವನ್ನು ನೂಡಲ್ಸ್ ಬಾಂಡ್ಲಿಯಲ್ಲಿರುವಾಗಲೇ ಮಾಡಬೇಕು ಅಂದರೆ ಎಲ್ಲಿಂದ ಮಾಡುತ್ತದೆ? ನೀರು ಇರುವಷ್ಟು ಹೊತ್ತು ಪದಾರ್ಥದ ಮೈ 100 ಡಿಗ್ರಿ ದಾಟುವುದಿಲ್ಲ. ಕೆಂಪಗೆ ಹುರಿದ ಬಣ್ಣ, ವಾಸನೆ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು.

ಗಾಡಿಯವರು ಎಲ್ಲಾ ಒಟ್ಟಿಗೆ ಹಾಕಿಯೂ ಗೆಲ್ಲುತ್ತಾರೆ, ಯಾಕೆಂದರೆ ಅವರದು ಹೈ ಪ್ರೆಷರ್ ಒಲೆ. ಉರಿ ಬಾಂಡ್ಲಿಯ ಪಕ್ಕೆಗೂ ಹತ್ತುತ್ತದೆ. ಮನೆಯ ರೆಗ್ಯುಲೇಟರ್ ಸಿಲಿಂಡರಿನ ಒತ್ತಡವನ್ನು ಬಹಳ ಇಳಿಸಿ ಬಿಡುತ್ತದೆ. ಅದಕ್ಕೆ ಅಂತ ಮನೆ ಒಲೆಗೆ ಹೈ ಪ್ರೆಷರ್ ರೆಗ್ಯುಲೇಟರ್ ಸಿಕ್ಕಿಸುವ ಸಾಹಸ ಯಾರೂ ಮಾಡಬೇಡಿ. ಉರಿ ಕಡಿಮೆ ಇದ್ದರೆ ಹಾಕುವ ಪ್ರಮಾಣ ಕಡಿಮೆ ಮಾಡಿದರೆ ಆಯಿತು.

ಸಾಸ್

ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, ಬೀಜ ತೆಗೆದು, ಮೂರು ಎಸಳು ಬೆಳ್ಳುಳ್ಳಿ ಜೊತೆ ನುಣ್ಣಗೆ ಅರೆದೆ. ಇದೇ ಬಣ್ಣ, ಇದೇ ಖಾರ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಮಂಚೂರಿ ಬೆಳ್ಳಗಾಗುತ್ತೆ ಅಂತ ನಕ್ಕವರಿದ್ದರು. ಬ್ಯಾಡಗಿ ಇರುವ ರಾಜ್ಯದಲ್ಲಿ ಕೆಂಪು ಬಣ್ಣಕ್ಕೆ ಬರವೇ?

ಈ ಪೇಸ್ಟ್ ಒಂದೂವರೆ ಚಮಚಕ್ಕೆ ಎರಡು ಟೀ ಚಮಚ ಸೋಯಾ ಸಾಸ್, ಅರ್ಧ ಚಮಚ ಬೆಲ್ಲದ ಪುಡಿ. ಉಪ್ಪು ಹಾಕಲಿಲ್ಲ. ಒಂದು ಟೇಬಲ್ ಚಮಚ ಸೋಯಾ ಸಾಸಿನಲ್ಲೇ ಎರಡು ಗ್ರಾಂಗಿಂತ ಜಾಸ್ತಿ ಉಪ್ಪು ಇರುತ್ತದೆ. ಕೋಳಿಗೆ ಉಪ್ಪು ಬಿದ್ದಿದೆ, ಪಲ್ಯಕ್ಕೆ ಬಿದ್ದಿದೆ, ಶಾವಿಗೆ ಹಿಟ್ಟಿಗೂ ಬಿದ್ದಿದೆ. ತಂಗಳಿನ ಅಡುಗೆಯಲ್ಲಿ ಉಪ್ಪಿನ ಡಬ್ಬಿ ಮುಚ್ಚಿಡುವುದೇ ಕ್ಷೇಮ. ವಿನೆಗರ್ ಬದಲು ನಿಂಬೆ, ಅದೂ ಇಳಿಸಿದ ಮೇಲೆ.

ಒಲೆ ಮೇಲೆ

ಶುರು ಮಾಡುವ ಮುಂಚೆ ಎಲ್ಲವೂ ಕೈಗೆ ಸಿಗುವಂತಿರಬೇಕು. ಉದ್ದುದ್ದ ಹೆಚ್ಚಿದ ಎಲೆಕೋಸು ಎರಡು ಹಿಡಿ, ಒಂದು ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಎರಡು ಸೂಜಿಮೆಣಸು, ಎರಡು ಮೊಟ್ಟೆ, ಖಾಲಿ ತಟ್ಟೆ ಎರಡು.

ಬಾಂಡ್ಲಿಯನ್ನು ದೊಡ್ಡ ಉರಿಯಲ್ಲಿ ಹೊಗೆ ಕಾಣುವವರೆಗೆ ಕಾಯಿಸಿ, ಎಣ್ಣೆ ಹಾಕಿ ಸುತ್ತ ಆಡಿಸಿದೆ. ಮೊಟ್ಟೆ ಒಡೆದು ಹಾಕಿ, ಕೆದಕಿ, ಇನ್ನೂ ಮೆತ್ತಗಿರುವಾಗಲೇ ತಟ್ಟೆಗೆ. ಆಮೇಲೆ ಕೆಂಪು ಕೊಬ್ಬಿನಲ್ಲಿ ಒಂದು ಚಮಚ ಬಿಟ್ಟು ಕೋಳಿ ಹರಡಿದೆ. ಇಲ್ಲಿ ಕೈ ಕಟ್ಟಿಕೊಂಡು ನಿಲ್ಲಬೇಕು. ಸುಮ್ನೆ ಕೈಯಾಡಿಸುತ್ತಿದ್ದರೆ ಬಣ್ಣ ಹತ್ತುವುದಿಲ್ಲ. ಮೊದಲು ದೊಡ್ಡದಾಗಿ ಚುರ್ ಅಂತ ಸದ್ದು ಬರುತ್ತದೆ, ಅದು ನೀರಿನದು. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣದಾಗಿ ಚಿಟಿಚಿಟಿ ಆಗುತ್ತದೆ. ಆಗ ಮಗುಚಿ ನೋಡಿದರೆ ಎಳೆಗಳ ತುದಿ ಕಂದು ಬಣ್ಣಕ್ಕೆ ತಿರುಗಿ ಗರಿಯಾಗಿತ್ತು. ಅದೂ ತಟ್ಟೆಗೆ.

ಈರುಳ್ಳಿ, ಬೆಳ್ಳುಳ್ಳಿ, ಸೂಜಿಮೆಣಸು, ಎಲೆಕೋಸು ಒಂದು ನಿಮಿಷ. ಎಲೆಕೋಸು ಕಚ್ಚಿದರೆ ಕರುಕ್ ಅನ್ನಬೇಕು. ಉಳಿದೆಲ್ಲ ನಿನ್ನೆಯದು, ಮೆತ್ತಗಿನದು. ಬಾಯಿಗೆ ಹೊಸದಾಗಿ ಸಿಗುವುದು ಇದೊಂದೇ, ಹಾಗಾಗಿ ಇದನ್ನು ಬಿಡಬೇಡಿ. ಅದನ್ನೂ ತೆಗೆದಿಟ್ಟೆ.

ಈಗ ಶಾವಿಗೆ. ಅರ್ಧ ಮಾತ್ರ. ಉಳಿದ ಕೊಬ್ಬಿನಲ್ಲಿ ಅರ್ಧ ಬಿಟ್ಟು, ಬಾಂಡ್ಲಿ ಮತ್ತೆ ಹೊಗೆಯಾಡಲು ಬಿಟ್ಟು, ಶಾವಿಗೆಯನ್ನು ತೆಳುವಾಗಿ ಹರಡಿದೆ. ಅರ್ಧ ನಿಮಿಷ ಮುಟ್ಟಲಿಲ್ಲ. ಕಬ್ಬಿಣಕ್ಕೆ ತಾಗಿದ ಕಡೆ ಎಳೆ ಮೊದಲು ಗಾಜಿನಂತೆ ಪಾರದರ್ಶಕವಾಗಿ, ಆಮೇಲೆ ತಿಳಿ ಕಂದು ಚುಕ್ಕೆ ಬಿದ್ದು, ಅಂಟಿದ್ದು ತಾನಾಗೇ ಬಿಡುತ್ತದೆ. ಬಿಡುವ ಮುಂಚೆ ಕೆರೆದರೆ ತುಂಡಾಗುತ್ತದೆ. ಮಗುಚುವ ಕೈ ಒಂದರಲ್ಲಿ, ಫೋರ್ಕ್ ಇನ್ನೊಂದರಲ್ಲಿ ಹಿಡಿದು, ಅಡಿಯಿಂದ ಎತ್ತಿ ಕೆಳಗೆ ಬಿಡುವುದು. ಕಲೆಸುವುದಿಲ್ಲ, ಎತ್ತುವುದು. ಎರಡನೇ ಅರ್ಧಕ್ಕೂ ಹೀಗೇ.

ಸಾಸ್ ಬಾಂಡ್ಲಿಯ ಖಾಲಿ ಪಕ್ಕೆಗೆ ಸುರಿದೆ, ಶಾವಿಗೆ ಮೇಲಲ್ಲ. ಬಿಸಿ ಕಬ್ಬಿಣದ ಮೇಲೆ ಅದು ಗುಳುಗುಳು ಕುದಿದು, ಸೋಯಾದ ಹಸಿ ವಾಸನೆ ಹೋಗಿ, ಬೆಲ್ಲ ಸ್ವಲ್ಪ ಕಂದುತ್ತದೆ. ಗಾಡಿ ಹತ್ತಿರ ನಿಂತಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಒಂದು ಪಾಲು ಇದೇ. ಕೂಡಲೇ ತೆಗೆದಿಟ್ಟ ಶಾವಿಗೆ, ಕೋಳಿ, ಪಲ್ಯ, ಮೊಟ್ಟೆ, ಎಲೆಕೋಸು ಎಲ್ಲಾ ಹಾಕಿ ಎತ್ತಿ ಎತ್ತಿ ಬಿಟ್ಟೆ. ಹಬೆಯಾಡುವಷ್ಟು ಬಿಸಿ ಎಲ್ಲ ಕಡೆ ತಲುಪಬೇಕು. ಮಿಕ್ಕ ಮಾಂಸವನ್ನು ಮತ್ತೆ ಬಿಸಿ ಮಾಡುವಾಗ ಒಳಗೂ 74 ಡಿಗ್ರಿ ಮುಟ್ಟಬೇಕು ಎನ್ನುವುದು ಲೆಕ್ಕ. ಕೊನೆಗೆ ಆಗಷ್ಟೇ ಕುಟ್ಟಿದ ಕಾಳುಮೆಣಸು ಮುಕ್ಕಾಲು ಚಮಚ. ತೋಟದ ಮೆಣಸು ಇರುವ ಊರಿನಲ್ಲಿ ಪ್ಯಾಕೆಟ್ ಪುಡಿ ಹಾಕುವುದು ನನಗೆ ಆಗದ ಮಾತು. ಉರಿ ಆರಿಸಿ ನಿಂಬೆ, ಕೊತ್ತಂಬರಿ.

ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಮೆಣಸು ಇನ್ನೊಂಚೂರು ಬೇಕಿತ್ತು. ಆದ್ರೆ ಈ ಗರಿ ಗರಿ ಚೆನ್ನಾಗೈತೆ" ಅಂದರು. ನಾನು "ಪಾತ್ರೆ ಜಾಸ್ತಿ ಆಯ್ತು ಅಂದ್ರಲ್ಲ ಅತ್ತೆ" ಅಂದೆ. "ಅದೂ ನಿಜಾನೇ" ಅಂದರು.

ಗೋಧಿ ನೂಡಲ್ಸ್ ಉಳಿದಿದ್ದರೆ

ಹಕ್ಕಾ ನೂಡಲ್ಸ್ ಬೇಯಿಸಿ ಮಿಕ್ಕಿದ್ದರೆ ಹಬೆ ಬೇಡ. ಒಂದಕ್ಕೊಂದು ಅಂಟಿದ್ದರೆ ಕುದಿ ನೀರಲ್ಲಿ ಇಪ್ಪತ್ತು ಸೆಕೆಂಡ್ ಅದ್ದಿ, ಜರಡಿಗೆ ಬಸಿದು, ಅಗಲವಾಗಿ ಹರಡಿ ಒಣಗಿಸಿ. ಮುಂದಿನದೆಲ್ಲ ಹೀಗೇ. ಹೊಸದಾಗಿ ಬೇಯಿಸುವವರಿಗೆ ಒಂದು ಮಾತು: ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಪ್ಯಾಕೆಟ್ ಮೇಲಿನ ಸಮಯಕ್ಕೆ ಅರ್ಧ ನಿಮಿಷ ಸೇರಿಸಿಕೊಳ್ಳಿ. ಎರಡು ನಿಮಿಷದ ಇನ್‌ಸ್ಟಂಟ್ ನೂಡಲ್ಸ್ ಮಿಕ್ಕಿದ್ದರೆ ಇದಕ್ಕೆ ಬರುವುದಿಲ್ಲ. ಅದನ್ನು ಮೊದಲೇ ಬೇಯಿಸಿ ಕರಿದು ಒಣಗಿಸಿರುತ್ತಾರೆ, ನೀರು ಕಂಡ ಕೂಡಲೇ ಹೀರಿಕೊಳ್ಳುತ್ತದೆ. ರಾತ್ರಿ ಕಳೆದರೆ ಊದಿ ಮೆತ್ತಗಾಗಿರುತ್ತದೆ.

ಯಾವುದು ಹೊಂದುತ್ತದೆ, ಯಾವುದು ಇಲ್ಲ

ಎಲೆಕೋಸು, ಕ್ಯಾರೆಟ್, ಎಳೆ ಹಲಸಿನಕಾಯಿ, ಅಣಬೆ, ಮಳೆಗಾಲದಲ್ಲಿ ಕಳಲೆ ಪಲ್ಯ ಎಲ್ಲಾ ಸೊಗಸು. ಕಳಲೆ ಅಂತೂ ಇದಕ್ಕೇ ಹುಟ್ಟಿದ್ದು ಅನ್ನಿಸುತ್ತದೆ, ಬಾಡಿಸಿದಷ್ಟೂ ಕರುಕು. ಬದನೆ, ಕುಂಬಳ, ಸಾಂಬಾರಿನಲ್ಲಿ ಬೆಂದ ತರಕಾರಿ ಬೇಡ, ಎಲ್ಲದಕ್ಕೂ ಮೆತ್ತಿಕೊಳ್ಳುತ್ತವೆ. ಹಾಸನದ ಕಡೆಯಿಂದ ಬರುವ ಆಲೂಗೆಡ್ಡೆ ನಮ್ಮ ಮನೆಯಲ್ಲಿ ಸದಾ ಇರುತ್ತದೆ, ಆದರೆ ಅದರ ಪಲ್ಯ ಪುಡಿಯಾಗಿ ಶಾವಿಗೆಯನ್ನು ಅಂಟಿಸಿಬಿಡುತ್ತದೆ. ಹಾಕಲೇಬೇಕು ಅಂದರೆ ಹೋಳುಗಳನ್ನು ಮಾತ್ರ ಆರಿಸಿ ಬೇರೆಯಾಗಿ ಕೆಂಪಗೆ ಹುರಿದು ಮೇಲೆ ಉದುರಿಸಿ. ಕಾಯಿಹಾಲನ್ನು ಮಾತ್ರ ಇದರ ಹತ್ತಿರ ತರಬೇಡಿ.

ಮಾಡಿದ್ದನ್ನು ಆ ಹೊತ್ತೇ ತಿಂದು ಮುಗಿಸಿ, ಮತ್ತೆ ಎತ್ತಿಡಬೇಡಿ. ಮುಂದಿನ ಸಲ ಉಳಿದ ಅಕ್ಕಿ ರೊಟ್ಟಿಯನ್ನು ಅರ್ಧ ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ ಇದೇ ಬಾಂಡ್ಲಿಗೆ ಹಾಕುವ ಯೋಚನೆ ಇದೆ. ರೊಟ್ಟಿಯ ನೀರು ಹೆಂಚಿನ ಮೇಲೇ ಅರ್ಧ ಹೋಗಿರುತ್ತದೆ, ಹಾಗಾಗಿ ಹಬೆ ಒಂದು ನಿಮಿಷ ಸಾಕಾಗಬಹುದು.